ಸೆಕೆಂಡಿಗೆ ಮುನ್ನೂರು ಅಡಿ ಕಡಿಮೆ

ಕೋಲ್ಡ್ ಫೋರ್ಕ್, ಮೊಂಟಾನಾ
20 ಸೆಪ್ಟೆಂಬರ್ 1987

ಸಿಗ್ನೆಗೆ,

ಹಾಸ್ಟೆಲಿನ ಕೋಣೆ ಬೆಚ್ಚಗಿದೆ ಎಂದುಕೊಂಡಿದ್ದೇನೆ. ಇಲ್ಲಿ ಎರಡನೇ ಕೊಯ್ಲಿನ ಹುಲ್ಲು ಒಳಗೆ ಬಂತು.

ಒಂದು ವಿಷಯ ಕೇಳಬೇಕಿತ್ತು. ಎಲ್ಕ್ ಜಿಂಕೆಯ ಬೇಟೆಗೆಂದು ಈ ಸಲದ ತೋಟೆಗಳನ್ನು ತುಂಬಿದೆ. ಅದೇ ಹಿತ್ತಾಳೆ ಕೊಳವೆ, ಅದೇ ಗುಂಡು, ಅದೇ ಮದ್ದು, ಅದೇ ತೂಕ. ವೇಗ ಅಳೆಯುವ ಪೆಟ್ಟಿಗೆಯ ಮೇಲಿಂದ ಹೊಡೆದು ನೋಡಿದರೆ ಸೆಕೆಂಡಿಗೆ ಎರಡು ಸಾವಿರದ ನಾನೂರು ಅಡಿ ತೋರಿಸುತ್ತಿದೆ. ಹೋದ ವರ್ಷ ಎರಡು ಸಾವಿರದ ಏಳುನೂರು ಇತ್ತು. ಮುನ್ನೂರು ಅಡಿ ಎಲ್ಲಿ ಹೋಯಿತೋ ತಿಳಿಯದು. ನೀನು ಫಿಸಿಕ್ಸ್ ಓದುತ್ತಿದ್ದೀಯಲ್ಲ, ಅದಕ್ಕೆ ಕೇಳಿದೆ. ಓದು ಕೆಡಿಸಿಕೊಂಡು ಉತ್ತರ ಬರೆಯಬೇಕಾಗಿಲ್ಲ.

ಫೋನ್ ಮಾಡಬಹುದಿತ್ತು. ನಮ್ಮದೇ ಲೈನಿನಲ್ಲಿರುವ ಮನೆಗಳವರೆಲ್ಲ ರಿಸೀವರ್ ಎತ್ತಿಕೊಂಡು ಕೇಳುತ್ತಾರೆ. ನನ್ನ ಗುಂಡು ಮೆತ್ತಗಾಯಿತು ಎಂದು ಶೂಟಿಂಗ್ ಕ್ಲಬ್ಬಿನ ಲೈಲ್ ಬ್ರೆಕ್ಕೆಗೆ ಗೊತ್ತಾದರೆ ಕ್ರಿಸ್ಮಸ್ಸಿನವರೆಗೆ ಅದೇ ಮಾತು.

ಆರ್ವಿಡ್ ಟ್ವೀಟ್


ಬೋಜ್‌ಮನ್
27 ಸೆಪ್ಟೆಂಬರ್ 1987

ಅಪ್ಪಾ,

ಲಕೋಟೆ ಮೇಲೆ ನಿಮ್ಮ ಅಕ್ಷರ ನೋಡಿ ಮೊದಲು ಹೆದರಿದೆ. ಯಾರಿಗೋ ಏನೋ ಆಯಿತು ಅಂತ. ಅಮ್ಮ ನಮ್ಮನ್ನು ಬಿಟ್ಟು ಸ್ಪೋಕೇನ್‌ಗೆ ಹೋದ ಮೇಲೆ ಐದು ವರ್ಷ ನಾನು ಪಟ್ಟಣದ ಶಾಲೆಯ ಹಾಸ್ಟೆಲಿನಲ್ಲಿದ್ದೆನಲ್ಲ, ಆಗ ನಿಮ್ಮ ಅಕ್ಷರ ಕಂಡದ್ದು ಚಳಿಬಟ್ಟೆಯ ಪೊಟ್ಟಣಗಳ ಮೇಲೆ ಮಾತ್ರ. ಪತ್ರ ಓದಿ ಮಂಚದ ಮೇಲೆ ಕೂತು ನಕ್ಕೆ. ನಿಧಾನವಾದದ್ದು ಗುಂಡು, ಸದ್ಯ!

ಹೇಳಬೇಕೆಂದರೆ, ಇಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿಲ್ಲ. ಕ್ಲಾಸಿನಲ್ಲಿ ಎಲ್ಲರಿಗೂ ಎಲ್ಲ ಗೊತ್ತು. ನಾನು ಕೈ ಎತ್ತುವ ಮೊದಲೇ ಪ್ರಶ್ನೆ ಮುಂದಕ್ಕೆ ಹೋಗಿರುತ್ತದೆ. ಈ ಕೋರ್ಸ್ ನನ್ನಂಥವಳಿಗಲ್ಲ ಎಂದು ದಿನಕ್ಕೊಂದು ಸಲ ಅನಿಸುತ್ತದೆ. ಅದಕ್ಕೇ ನಿಮ್ಮ ಪ್ರಶ್ನೆ ಸಿಕ್ಕಿದ್ದು ಹಬ್ಬದ ಹಾಗಾಯಿತು.

ಮೊದಲು ಪೆಟ್ಟಿಗೆಯಿಂದ ಶುರು ಮಾಡೋಣ. ಅದಕ್ಕಿರುವುದು ಎರಡು ಕಣ್ಣು. ಗುಂಡು ಮೊದಲ ಕಣ್ಣಿನ ಮೇಲೆ ಹಾದಾಗ ಒಳಗಿನ ಗಡಿಯಾರ ಶುರುವಾಗುತ್ತದೆ, ಎರಡನೆಯದರ ಮೇಲೆ ಹಾದಾಗ ನಿಲ್ಲುತ್ತದೆ. ಕಣ್ಣುಗಳ ನಡುವೆ ಎರಡಡಿ ಎಂದು ನಂಬಿಕೊಂಡು ಅದು ವೇಗ ಹೇಳುತ್ತದೆ. ಬ್ಯಾಟರಿ ಹೊಸದಾ? ಹೊಡೆದಾಗ ಮೋಡವಿತ್ತಾ? ಕೋವಿಯ ಬಾಯಿಗೆ ತೀರಾ ಹತ್ತಿರ ಇಟ್ಟಿದ್ದಿರಾ? ಮತ್ತೆ, ಸಿಟ್ಟಾಗಬೇಡಿ, ಪೆಟ್ಟಿಗೆಗೇ ಗುಂಡು ಹೊಡೆದಿಲ್ಲ ತಾನೇ? ಹೊಡೆದಿದ್ದರೆ ಕ್ಲಬ್ಬಿನ ಗೋಡೆಯ ಮೇಲೆ ಲೈಲ್ ಅಂಕಲ್ ಹೆಸರಿನ ಪಕ್ಕದಲ್ಲಿ ನಿಮ್ಮ ಹೆಸರೂ ಬರುತ್ತೆ, ಎಲ್ಲರಿಗೂ ಕೆಫೆಯ ಪೈ ತಿನ್ನಿಸಬೇಕಾಗುತ್ತೆ!

ಒಂದು ಮಾತು ಮಾತ್ರ ಕೇಳಿ. ವೇಗ ಕಡಿಮೆ ಬಂತು ಎಂದು ಮದ್ದು ಹೆಚ್ಚು ಹಾಕಬೇಡಿ. ಕಾರಣ ಗೊತ್ತಾಗುವವರೆಗೆ ಒಂದು ಕಾಳೂ ಹೆಚ್ಚು ಬೇಡ. ನಳಿಗೆ ಬಿರಿದರೆ ಹೋಗುವುದು ನಿಮ್ಮ ಮುಖ.

ಸಿಗ್ನೆ


ಕೋಲ್ಡ್ ಫೋರ್ಕ್
4 ಅಕ್ಟೋಬರ್ 1987

ಸಿಗ್ನೆಗೆ,

ಮದ್ದು ಹೆಚ್ಚು ಹಾಕಿಲ್ಲ. ಹಾಕಬೇಕೆಂದಿದ್ದೆ. ನಿನ್ನ ಪತ್ರ ಓದಿ ಬಿಟ್ಟೆ.

ಪೆಟ್ಟಿಗೆ ಸರಿಯಿದೆ. ಅದರ ತಂಟೆ ಬಿಡು. ಬೇರೆ ಏನಿರಬಹುದು ಹೇಳು.

ಮುನ್ನೂರು ಗಜ ದೂರದ ಕಂಬಕ್ಕೆ ಹಲಗೆ ಕಟ್ಟಿ ಮೂರು ಗುಂಡು ಹೊಡೆದೆ. ಹೋದ ವರ್ಷ ಬಿದ್ದಲ್ಲೇ ಬಿದ್ದವು. ಹೆಚ್ಚುಕಡಿಮೆ ಅಲ್ಲೇ. ಇದೇನು ಲೆಕ್ಕವೋ.

ಕೈ ಎತ್ತುವುದು ತಡವಾದರೆ ಏನಂತೆ. ನಿಧಾನವಾಗಿ ಎತ್ತು.

ಆರ್ವಿಡ್ ಟ್ವೀಟ್


ಬೋಜ್‌ಮನ್
11 ಅಕ್ಟೋಬರ್ 1987

ಅಪ್ಪಾ,

ನನ್ನ ರೂಮ್‌ಮೇಟ್ ಟ್ರೂಡಿ ನಿಮ್ಮ ಪತ್ರವನ್ನು ದೂರದಿಂದ ನೋಡಿ, "ಏನೇ, ನಿಮ್ಮಪ್ಪ ಮಗಳಿಗೆ ಕಾಗದ ಬರೀತಾರಾ, ಮೆಕ್ಯಾನಿಕ್‌ಗೆ ಬರೀತಾರಾ? ಕೆಳಗೆ ಪೂರ್ತಿ ಹೆಸರು ಬೇರೆ! ಬ್ಯಾಂಕಾ ಇದು?" ಎಂದಳು. ನಾನು, "ನಮ್ಮಪ್ಪ ಹಾಗೇ ಕಣೇ, ನಿಂಗ್ಯಾಕೆ?" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಗಣಿತದ ಮೊದಲ ಪರೀಕ್ಷೆ ಕೆಟ್ಟಿತು. ಎಷ್ಟು ಕೆಟ್ಟಿತು ಅಂತ ಬರೆಯುವುದಿಲ್ಲ.

ಕಂಬದ ಹಲಗೆಯನ್ನು ನಂಬಬೇಡಿ. ಮುನ್ನೂರು ಗಜದಲ್ಲಿ ಈ ವ್ಯತ್ಯಾಸ ಎರಡು ಮೂರು ಅಂಗುಲ ಅಷ್ಟೇ. ಅದು ಗಾಳಿಯಲ್ಲಿ, ಕೈಯ ಅಲುಗಾಟದಲ್ಲಿ ಸೇರಿಹೋಗುತ್ತದೆ. ಅಂದಾಜಿಗಿಂತ ಅಂಕಿ ಮೇಲು.

ಪೆಟ್ಟಿಗೆ ಸರಿಯಿದ್ದರೆ ಉಳಿದವು ಇವು. ಮದ್ದು ಹೊಸ ಡಬ್ಬಿಯದಾ? ಒಂದೇ ಹೆಸರಿನ ಮದ್ದಾದರೂ ಒಂದು ಸಲ ಮಾಡಿದ್ದಕ್ಕೂ ಇನ್ನೊಂದು ಸಲ ಮಾಡಿದ್ದಕ್ಕೂ ಶಕ್ತಿ ಬೇರೆ ಇರುತ್ತದಂತೆ. ಅಥವಾ ಹಳೆಯ ಡಬ್ಬಿಯನ್ನು ಬೇಸಗೆಯ ಸೆಕೆಯಲ್ಲಿ ಪಂಪ್‌ಹೌಸಿನಲ್ಲಿ ಇಟ್ಟಿದ್ದಿರಾ? ತಕ್ಕಡಿಯನ್ನು ಗೊತ್ತಿರುವ ತೂಕ ಇಟ್ಟು ಪರೀಕ್ಷಿಸಿ. ಮದ್ದಿಗೆ ಕಿಡಿ ಕೊಡುವ ಕೇಪು ಬದಲಾಯಿಸಿದಿರಾ? ಹಿತ್ತಾಳೆ ಕೊಳವೆಯ ಕತ್ತು ಗುಂಡನ್ನು ಬಿಗಿಯಾಗಿ ಹಿಡಿಯದಿದ್ದರೂ ಮದ್ದು ಪೂರ್ತಿ ಉರಿಯುವುದಿಲ್ಲ. ಚಳಿಯೂ ವೇಗ ಕದಿಯುತ್ತದೆ, ಆದರೆ ಮುನ್ನೂರು ಅಡಿ ಕದಿಯುವ ಚಳಿ ಸೆಪ್ಟೆಂಬರಿನಲ್ಲಿ ಎಲ್ಲಿ ಬರಬೇಕು? ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ.

ಲೈಬ್ರರಿಯಲ್ಲಿ ಇದನ್ನೆಲ್ಲ ಓದುವಾಗ ಊಟದ ಹೊತ್ತು ಮೀರಿಹೋಯಿತು. ಬೇಜಾರಾಗಲಿಲ್ಲ.

ಸಿಗ್ನೆ


ಕೋಲ್ಡ್ ಫೋರ್ಕ್
25 ಅಕ್ಟೋಬರ್ 1987

ಸಿಗ್ನೆ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ತಕ್ಕಡಿ ಸರಿಯಿದೆ. ಕೇಪು ಹಳೆಯದೇ. ಮದ್ದು ಹೊಸ ಡಬ್ಬಿಯದು, ಲೈಲ್ ಹತ್ತಿರ ಹಳೆಯದನ್ನು ಕೇಳಿ ತಂದು ತುಂಬಿ ನೋಡಿದೆ. ನಳಿಗೆಯನ್ನು ತಾಮ್ರದ ಕಲೆ ಹೋಗುವವರೆಗೆ ಉಜ್ಜಿದೆ. ಅಂಕಿ ಅಲ್ಲೇ ನಿಂತಿದೆ. ಇನ್ನೇನಿರಬಹುದು? ನಿಧಾನವಾಗಿ ಯೋಚಿಸಿ ಬರಿ. ಅವಸರವಿಲ್ಲ.

ಶನಿವಾರ ಕೆಫೆಯಲ್ಲಿ ಲೈಲ್ ಸಿಕ್ಕಿದ್ದ. "ಏನಯ್ಯಾ ಆರ್ವಿಡ್, ಮಗಳ ಕಾಗದ ಮೇಲಿಂದ ಮೇಲೆ ಬರ್ತಿದೆಯಂತೆ. ಪೋಸ್ಟಾಫೀಸಿನ ವೇರಾ ಹೇಳಿದ್ಲು. ದುಡ್ಡು ಬೇಕಂತಾ?" ಎಂದ.

"ಇಲ್ಲ. ತೋಟೆ ವಿಷಯ."

"ತೋಟೆ ವಿಷಯಾನಾ! ನನ್ ಮಗ ಡೆನ್ವರ್‌ನಲ್ಲಿ ಸತ್ತಿದಾನೋ ಬದುಕಿದಾನೋ ಗೊತ್ತಿಲ್ಲ. ಅಂಥ ಕಾಗದ ಬರೋ ಹಾಗಿದ್ರೆ ನಾನೂ ಕೆಟ್ಟ ತೋಟೆನೇ ತುಂಬ್ತಿದ್ದೆ ಕಣಯ್ಯಾ."

ಎಲ್ಲರೂ ನಕ್ಕರು. ನಾನು ಕಾಫಿ ಬಿಟ್ಟು ಎದ್ದುಬಂದೆ.

ಕರುಗಳನ್ನು ತಾಯಿಯಿಂದ ಬೇರೆ ಮಾಡಿ ಮೂರು ದಿನವಾಯಿತು. ಇನ್ನೂ ಕೂಗುತ್ತಿವೆ.

ಅಪ್ಪ


ಬೋಜ್‌ಮನ್
8 ನವೆಂಬರ್ 1987

ಅಪ್ಪಾ,

ಸಿಕ್ಕಿತು! ಕಾರಣ ಸಿಕ್ಕಲಿಲ್ಲ, ದಾರಿ ಸಿಕ್ಕಿತು.

ಲ್ಯಾಬಿನಲ್ಲಿ ನಮಗೆ ಕಲಿಸುವ ಸೀನಿಯರ್ ಒಬ್ಬನಿದ್ದಾನೆ, ವೆಂಡೆಲ್ ಅಂತ. ಅವನಿಗೆ ನಮ್ಮ ಕಥೆಯನ್ನೆಲ್ಲ ಹೇಳಿದೆ. ಅವನು, "ಕಾರಣ ಗೊತ್ತಿಲ್ದಿದ್ರೂ ಅಳತೆ ಗೊತ್ತಲ್ಲ. ಅಳತೆ ಇಟ್ಕೊಂಡು ಮುಂದೆ ಹೋಗು" ಎಂದ. ನಾನು ಗುಂಡಿನ ಆಕಾರ, ಗಾಳಿಯ ತಡೆ, ನಮ್ಮ ಬೆಟ್ಟದ ಎತ್ತರ ಎಲ್ಲ ಹಾಕಿ, ಎರಡು ಸಾವಿರದ ನಾನೂರು ಅಡಿ ವೇಗಕ್ಕೆ ಹೊಸ ಲೆಕ್ಕ ಮಾಡಿದೆ. ಯಾವ ದೂರಕ್ಕೆ ಗುಂಡು ಎಷ್ಟು ಇಳಿಯುತ್ತದೆ, ಎಷ್ಟು ಮೇಲಕ್ಕೆ ಗುರಿ ಹಿಡಿಯಬೇಕು, ಎಲ್ಲ. ವೆಂಡೆಲ್ ಎರಡು ಸಲ ನೋಡಿ, "ಒಂದು ತಪ್ಪೂ ಇಲ್ವಲ್ಲೇ!" ಎಂದ. ಅಪ್ಪಾ, ಇಲ್ಲಿಗೆ ಬಂದ ಮೇಲೆ ನನಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು. ರಸ್ತೆಯಲ್ಲಿ ಒಬ್ಬಳೇ ನಗುತ್ತಾ ಬಂದೆ. ಈ ಕೋರ್ಸ್ ನನ್ನ ಕೈಲಿ ಆಗಬಹುದು ಅನಿಸಿತು.

ಸಣ್ಣ ಅಕ್ಷರದಲ್ಲಿ ಕಾರ್ಡ್ ಬರೆದು ಇದರೊಳಗೆ ಇಟ್ಟಿದ್ದೇನೆ. ಕೋವಿಯ ಹಿಡಿಯ ಮೇಲಿನ ಹಳೆಯ ಗುರಿ ಕಾರ್ಡ್ ಕಿತ್ತು ಇದನ್ನು ಅಂಟಿಸಿ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬುಧವಾರದ ಬಸ್ಸಿಗೆ ಬರುತ್ತೇನೆ. ಬೇಟೆ ಋತುವಿನ ಕೊನೆಯ ಶನಿವಾರ ಇಬ್ಬರೂ ಹೋಗೋಣ. ಈ ಸಲ ಗುಂಡು ನನ್ನದು!

ನಿಮ್ಮ ಸಿಗ್ನೆ


ಕೋಲ್ಡ್ ಫೋರ್ಕ್
15 ನವೆಂಬರ್ 1987

ಸಿಗ್ನೆ,

ಕಾರ್ಡ್ ಬಂತು. ಅಕ್ಷರ ಅಂದವಾಗಿದೆ. ಲೈಲ್‌ಗೆ ತೋರಿಸಿದೆ. ತೋರಿಸಬಾರದಿತ್ತೇನೋ, ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ.

ಬಸ್ಸಿನ ಹತ್ತಿರ ಇರುತ್ತೇನೆ. ಇನ್ನೊಂದು ವಿಷಯ ಇತ್ತು. ನೀನು ಬಂದಾಗ ಹೇಳುತ್ತೇನೆ.

ಅಪ್ಪ


ಬೋಜ್‌ಮನ್
3 ಡಿಸೆಂಬರ್ 1987

ಅಪ್ಪಾ,

ಶನಿವಾರ ಅದು ನಡೆದಾಗ ನೀವೂ ಅಲ್ಲೇ ಇದ್ದಿರಿ. ಆದರೂ ಬರೆಯುತ್ತೇನೆ, ಯಾಕೆಂದರೆ ಭಾನುವಾರ ಬಸ್ಸು ಹತ್ತುವವರೆಗೆ ನೀವು ಆ ವಿಷಯ ಎತ್ತಲಿಲ್ಲ, ನನಗೂ ಎತ್ತುವ ಧೈರ್ಯ ಬರಲಿಲ್ಲ.

ದಿಬ್ಬದ ಮೇಲೆ ಹೊಟ್ಟೆಯ ಮೇಲೆ ಮಲಗಿದ್ದೆವು. ಕಣಿವೆಯ ಆಚೆ ಎಲ್ಕ್ ಹಿಂಡು. ತುದಿಯಲ್ಲಿ ಒಂದು ಹೆಣ್ಣು, ಪಕ್ಕೆ ತೋರಿಸಿಕೊಂಡು ನಿಂತಿತ್ತು. "ನಾನೂರು ಗಜ. ದೂರ ಆಯ್ತು, ಬೇಡ" ಎಂದಿರಿ.

"ಹತ್ರ ಹೋಗೋಕೆ ಮರೆ ಎಲ್ಲಿದೆ ಅಪ್ಪಾ? ಎದ್ರೆ ಓಡ್ತವೆ."

"ಬೇಡ ಸಿಗ್ನೆ. ಇನ್ನೊಂದು ಸಿಗುತ್ತೆ."

"ಕಾರ್ಡ್ ಇದೆಯಲ್ಲ!" ಎಂದೆ ನಾನು.

ನೀವು ಬೈನಾಕ್ಯುಲರ್ ಕಣ್ಣಿಗೆ ಹಿಡಿದಿರಿ. ನಾನು ಕಾರ್ಡ್ ನೋಡಿ, ಅದು ಹೇಳಿದಷ್ಟೇ ಮೇಲಕ್ಕೆ ಹಿಡಿದು ಹೊಡೆದೆ. ಬೆನ್ನಿನ ಮೇಲ್ಗಡೆಯಿಂದ ಕೂದಲು ಹಾರಿತು. ಅದು ಹಿಂಗಾಲಿನ ಮೇಲೆ ಕುಸಿದು, ಮತ್ತೆ ಎದ್ದು, ಮರಗಳೊಳಗೆ ಹೋಯಿತು. ಕತ್ತಲಾಗುವವರೆಗೆ ರಕ್ತ ಹುಡುಕುತ್ತಾ ನಡೆದೆವು. ಮೊದಲು ಅಂಗೈಯಗಲ, ಆಮೇಲೆ ಗುಂಡಿಯಷ್ಟು, ಆಮೇಲೆ ಚುಕ್ಕೆ. ಬೇಲಿಯ ಹತ್ತಿರ ಅದೂ ಇಲ್ಲ. ನೀವು ಮೊಣಕಾಲೂರಿ ಒಣಹುಲ್ಲನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದಿರಿ. ನಮ್ಮ ಮನೆತನದಲ್ಲಿ ಗಾಯದ ಪ್ರಾಣಿಯನ್ನು ಯಾರೂ ಬಿಟ್ಟುಬಂದಿಲ್ಲ ಎಂದು ನನಗೆ ಗೊತ್ತು.

ಟ್ರಕ್ಕಿನಲ್ಲಿ, "ಗಾಳಿ ಎದ್ದಿತ್ತು" ಎಂದಿರಿ. ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ ಅಪ್ಪಾ. ಮೇಲಕ್ಕೆ ಎತ್ತುವುದಿಲ್ಲ.

ಬಂದಾಗ ಹೇಳುತ್ತೇನೆ ಎಂದ ವಿಷಯ ಯಾವುದು?

ಸಿಗ್ನೆ


ಕೋಲ್ಡ್ ಫೋರ್ಕ್
13 ಡಿಸೆಂಬರ್ 1987

ಸಿಗ್ನೆ,

ಬೇಲಿಯಾಚೆಯವರನ್ನು ಕೇಳಿ ಮತ್ತೆ ಹೋಗಿ ಹುಡುಕಿದೆ. ಕಾಗೆಗಳು ಎಲ್ಲಾದರೂ ಸುತ್ತುತ್ತವೇನೋ ಎಂದು ನೋಡಿದೆ. ಸುತ್ತಲಿಲ್ಲ. ಬದುಕಿರಲೂಬಹುದು. ಅಂಥವು ಬದುಕಿದ್ದನ್ನು ಕೇಳಿದ್ದೇನೆ.

ನಿನ್ನ ತಪ್ಪಿಲ್ಲ. ವಿಷಯ ದೊಡ್ಡದೇನಲ್ಲ. ಕ್ರಿಸ್ಮಸ್ಸಿಗೆ ಬಾ.

ಅಪ್ಪ


ಬೋಜ್‌ಮನ್
10 ಜನವರಿ 1988

ಅಪ್ಪಾ,

ಕ್ರಿಸ್ಮಸ್ಸಿಗೆ ಬರದೆ ಅಮ್ಮನ ಹತ್ತಿರ ಸ್ಪೋಕೇನ್‌ಗೆ ಹೋದೆ. ಕ್ಷಮಿಸಿ. ಆ ಕೋವಿ ಬಾಗಿಲ ಹಿಂದೆ ನಿಂತಿರುವುದನ್ನು ನೋಡಲು ಆಗುತ್ತಿರಲಿಲ್ಲ.

ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ. ವೆಂಡೆಲ್ ಕೂಡ ಮಾಡಿದ. ಲೆಕ್ಕ ಸರಿಯಿದೆ. ಅಂದರೆ ತಪ್ಪಿದ್ದು ನನ್ನ ಕೈ, ಇಲ್ಲವೇ ನನ್ನ ಕಣ್ಣು, ಇಲ್ಲವೇ ನಾನು ನೋಡಲಾಗದ ಇನ್ನೇನೋ. ಟ್ರೂಡಿ, "ಒಂದು ಜಿಂಕೆಗೋಸ್ಕರ ಯಾರಾದ್ರೂ ಹಿಂಗಾಡ್ತಾರೇನೇ?" ಎನ್ನುತ್ತಾಳೆ. ಅವಳಿಗೆ ಹೇಗೆ ತಿಳಿಸಲಿ? ಈಗ ಯಾವ ಉತ್ತರ ಬರೆದರೂ ಇದನ್ನು ನಂಬಿ ಯಾರೋ ಗುರಿ ಹಿಡಿಯುತ್ತಾರೆ ಅನಿಸುತ್ತದೆ. ಡಿಸೆಂಬರಿನ ಪರೀಕ್ಷೆಯಲ್ಲಿ ಕೊನೆಯ ಎರಡು ಪ್ರಶ್ನೆಗೆ ಉತ್ತರ ಗೊತ್ತಿತ್ತು. ಖಾಲಿ ಬಿಟ್ಟು ಎದ್ದುಬಂದೆ.

ಈ ತಿಂಗಳ ಕೊನೆಯೊಳಗೆ ಕೋರ್ಸಿನಿಂದ ಹೆಸರು ವಾಪಸು ತೆಗೆಯಬಹುದಂತೆ. ಅರ್ಜಿ ತಂದಿಟ್ಟುಕೊಂಡಿದ್ದೇನೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಖಾಲಿ ಇದೆ. ಬೇಸಗೆಯವರೆಗೆ ಅದನ್ನು ಮಾಡುತ್ತೇನೆ. ಆಮೇಲೆ ನೋಡೋಣ. ನೀವು ಬೇಜಾರು ಮಾಡಿಕೊಳ್ಳಬೇಡಿ, ನಾನು ಪ್ರಯತ್ನ ಮಾಡಿದೆ.

ಸಿಗ್ನೆ


ಕೋಲ್ಡ್ ಫೋರ್ಕ್
16 ಜನವರಿ 1988

ಸಿಗ್ನೆ,

ಅರ್ಜಿ ಕೊಡಬೇಡ. ಇದನ್ನು ಪೂರ್ತಿ ಓದಿ ಆಮೇಲೆ ಏನು ಬೇಕಾದರೂ ಮಾಡು.

ಗುಂಡಿನ ವೇಗ ಯಾವತ್ತೂ ಕಡಿಮೆಯಾಗಿರಲಿಲ್ಲ. ಆಗಸ್ಟಿನಲ್ಲಿ ನಾನು ಗುರಿ ತಪ್ಪಿ ಪೆಟ್ಟಿಗೆಗೆ ಗುಂಡು ಹೊಡೆದೆ. ಕಣ್ಣುಗಳನ್ನು ಕೂರಿಸುವ ಕಬ್ಬಿಣದ ಪಟ್ಟಿ ಎರಡು ತುಂಡಾಯಿತು. ಗೋಡೆಗೆ ಹೆಸರು ಬೀಳುತ್ತದೆ ಎಂದು ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಮರದ ಪಟ್ಟಿ ಮಾಡಿ ಕಣ್ಣುಗಳನ್ನು ಕೂರಿಸಿದೆ. ಎರಡಡಿ ಅಳೆದೇ ಕೂರಿಸಿದೆ. ಆದರೆ ಒಂದರ ಒಳ ಅಂಚಿನಿಂದ ಇನ್ನೊಂದರ ಒಳ ಅಂಚಿಗೆ ಅಳೆದಿದ್ದೆ. ಮಧ್ಯದಿಂದ ಮಧ್ಯಕ್ಕೆ ಅಳೆಯಬೇಕಿತ್ತು. ಮೂರು ಅಂಗುಲ ಹೆಚ್ಚಾಯಿತು. ಪೆಟ್ಟಿಗೆಗೆ ಅದು ಗೊತ್ತಿಲ್ಲ, ಹೆಚ್ಚು ಹೊತ್ತು ಹಿಡಿದದ್ದಕ್ಕೆ ವೇಗ ಕಡಿಮೆ ಎಂದಿತು.

ಅಕ್ಟೋಬರ್ ಮಧ್ಯದಲ್ಲೇ ನನಗೆ ತಿಳಿಯಿತು. ನೀನು ಒಂದೊಂದಾಗಿ ಪರೀಕ್ಷಿಸಲು ಹೇಳಿದ್ದೆಯಲ್ಲ, ಎಲ್ಲ ಮುಗಿದ ಮೇಲೆ ಟೇಪ್ ಹಿಡಿದೆ. ಆವತ್ತೇ ಬರೆಯಲು ಕೂತೆ. ಸರಿಹೋಯಿತು ಎಂದು ಬರೆದರೆ ನೀನು ಒಳ್ಳೆಯದಾಯಿತು ಅಪ್ಪಾ ಎಂದು ಬರೆದು ಮುಗಿಸುತ್ತಿದ್ದೆ. ಆಮೇಲೆ ನನಗೆ ಕೇಳಲು ಏನಿತ್ತು? ನನಗೆ ಬೇರೆ ಏನೂ ಕೇಳಲು ಬರುವುದಿಲ್ಲ. ಹರಿದು ಹಾಕಿ, ಇನ್ನೇನಿರಬಹುದು ಎಂದು ಬರೆದೆ.

ಕಾರ್ಡ್ ಬಂದಾಗ ಹೇಳಬೇಕಿತ್ತು. ಅದರ ಜೊತೆಗಿದ್ದ ಪತ್ರ ಓದಿ ಹೇಳಲಾಗಲಿಲ್ಲ. ಬಸ್ಸಿನ ಹತ್ತಿರ ಹೇಳಬೇಕಿತ್ತು. ಆ ಬೆಳಿಗ್ಗೆ ಟ್ರಕ್ಕಿನಲ್ಲಿ "ಸಿಗ್ನೆ" ಎಂದೆ. ನೀನು "ಏನಪ್ಪಾ?" ಎಂದೆ. "ಗ್ಲೌಸ್ ಹಾಕ್ಕೋ" ಎಂದೆ. ಕಾಡೊಳಗೆ ಹತ್ತಿರದಲ್ಲಿ ಸಿಗುತ್ತದೆ, ಅಷ್ಟು ಹತ್ತಿರಕ್ಕೆ ಯಾವ ಕಾರ್ಡಾದರೂ ಒಂದೇ ಎಂದುಕೊಂಡೆ. ದಿಬ್ಬದ ಮೇಲೆ ನೀನು ಕಾರ್ಡ್ ನೋಡಿದಾಗ ನನ್ನ ಬಾಯಿ ತೆರೆದಿತ್ತು. ಅಲ್ಲಿಂದ ಇಲ್ಲಿಯವರೆಗೆ ಹಾಗೇ ತೆರೆದಿದೆ.

ನಿನ್ನ ಕೈ ತಪ್ಪಲಿಲ್ಲ. ಲೆಕ್ಕವೂ ತಪ್ಪಲಿಲ್ಲ. ನಾನು ಕೊಟ್ಟ ಅಂಕಿ ಸುಳ್ಳು, ಅದಕ್ಕೇ ಕಾರ್ಡ್ ಬೇಕಾದ್ದಕ್ಕಿಂತ ಮೇಲಕ್ಕೆ ಹಿಡಿಸಿತು. ಆ ಪ್ರಾಣಿ ನನ್ನ ಲೆಕ್ಕಕ್ಕೆ ಸೇರಿದ್ದು. ಏಳು ವಾರ ನಿನ್ನ ತಲೆಯ ಮೇಲೆ ಬಿಟ್ಟಿದ್ದೆ.

ನಿನ್ನೆ ಆ ತುಂಡಾದ ಪಟ್ಟಿಯನ್ನು ಕ್ಲಬ್ಬಿನ ಗೋಡೆಗೆ ಹೊಡೆದು ಹೆಸರು ಬರೆದೆ. ಲೈಲ್ ಓಡಿಬಂದ. "ಆಗಸ್ಟಾ? ಆಗಸ್ಟಿಂದ ಬಚ್ಚಿಟ್ಟಿದ್ಯಾ, ಕಳ್ಳ ನನ್ಮಗನೇ! ಎರಡು ಪೈ ತರಿಸು!" ಎಂದು ಕುಣಿದ. ಆಮೇಲೆ ನನ್ನ ಮುಖ ನೋಡಿ ಕೂತುಬಿಟ್ಟ. ಉಳಿದದ್ದನ್ನು ಅವನಿಗೆ ಹೇಳಿಲ್ಲ. ಮೊದಲು ನಿನಗೆ ಹೇಳಬೇಕಿತ್ತು.

ಉತ್ತರ ಬರೆಯಬೇಕಾಗಿಲ್ಲ.

ಅಪ್ಪ


ಬೋಜ್‌ಮನ್
7 ಫೆಬ್ರವರಿ 1988

ಅಪ್ಪಾ,

ಅರ್ಜಿ ಕೊಡಲಿಲ್ಲ. ಕ್ಲಾಸಿಗೆ ಹೋಗುತ್ತಿದ್ದೇನೆ. ಇದನ್ನು ಕ್ಷಮೆ ಎಂದುಕೊಳ್ಳಬೇಡಿ, ಅದು ಬಂದಿದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ.

ನಿಮ್ಮ ಪತ್ರ ಬಂದ ದಿನ ಎರಡು ಸಾವಿರದ ಏಳುನೂರಕ್ಕೆ ಲೆಕ್ಕ ಮಾಡಿದೆ. ಗುಂಡು ಎಲ್ಲಿ ಬೀಳಬೇಕಿತ್ತೋ ಕೂದಲು ಹಾರಿದ್ದು ಸರಿಯಾಗಿ ಅಲ್ಲಿಂದಲೇ. ನನ್ನ ಲೆಕ್ಕ ಸರಿಯಿತ್ತು ಎಂದು ಖುಷಿಯಾಗಿ ಅತ್ತೆ. ಆಮೇಲೆ ಆ ಖುಷಿಗೇ ನಾಚಿಕೆಯಾಯಿತು. ಬೆನ್ನಿಗೆ ಗಾಯವಾದ ಪ್ರಾಣಿಗೆ ನಾನು ಸರಿ ಎಂಬುದರಿಂದ ಏನಾಗಬೇಕು? ನೀವು ಕಂಬದ ಹಲಗೆಯ ವಿಷಯ ಬರೆದಾಗ ನಾನೂ ಕೇಳಿಸಿಕೊಳ್ಳಲಿಲ್ಲ. ಗುಂಡು ಹೋದ ವರ್ಷ ಬಿದ್ದಲ್ಲೇ ಬೀಳುತ್ತಿತ್ತು. ಅದೊಂದೇ ನಿಜ ಹೇಳುತ್ತಿದ್ದದ್ದು.

ಮೊದಲು ಈ ಹಾಳೆಯಲ್ಲಿ, "ಗುಂಡಿನ ನೆಪ ಯಾಕೆ ಬೇಕಿತ್ತು, ಹಿಮ ಬಿತ್ತು ಎಂದು ಬರೆದಿದ್ದರೂ ನಾನು ಉತ್ತರ ಬರೆಯುತ್ತಿದ್ದೆ" ಎಂದು ಬರೆದೆ. ಮೇಲೆ ಗೀಚಿ ಹೊಡೆದುಹಾಕಿರುವುದು ಅದೇ. ಓದಿ ನೋಡಿದಾಗ ಅದು ಹೌದೋ ಅಲ್ಲವೋ ಅನಿಸಿತು. ಬರೆಯುತ್ತಿದ್ದೆನೋ ಏನೋ. ನೀವು ಬರೆದು ನೋಡಲಿಲ್ಲ. ಈಗ ಅದು ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.

ಇಲ್ಲಿ ಬೆಳಿಗ್ಗೆಯಿಂದ ಹಿಮ ಬೀಳುತ್ತಿದೆ. ಅಲ್ಲಿ?

ಸಿಗ್ನೆ